ಒದ್ದೆಯಾಗದ ಈರುಳ್ಳಿ

ಸಂಜೆ ನಾಲ್ಕಕ್ಕೆ ಟೀಗೆ ನೀರು ಹಿಡಿಯಲು ಹೋದ ಅತ್ತೆ ಕಾಲಿನ ಪಂಪನ್ನು ಹತ್ತು ಸಲ ತುಳಿದಳು. ನಲ್ಲಿ ಕೆಮ್ಮಿತು. ಇನ್ನೂ ಹತ್ತು ಸಲ ತುಳಿದಳು. ಬಂದದ್ದು ಬರೀ ಗಾಳಿ.

"ಏ ಹುಡುಗಿ, ಇಲ್ಲಿ ಬಾ," ಎಂದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸದೆ ಕರೆದರೆ ನನಗೆ ಹೆದರಿಕೆ.

ಇಬ್ಬರೂ ಸೇರಿ ನೆಲದ ಹಲಗೆ ಎತ್ತಿದೆವು. ಕೆಳಗೆ, ದೋಣಿಯ ನಟ್ಟನಡುವೆ, ದೊಡ್ಡ ಟ್ಯಾಂಕು. ಅದರ ಪಕ್ಕಕ್ಕೆ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ. ಬೆಳಗ್ಗೆ ಆರಕ್ಕೆ ಅದರಲ್ಲಿ ನೀರು ಇನ್ನೂರು ಲೀಟರಿನ ಗೆರೆ ಮುಟ್ಟಿತ್ತು. ನೋಡಿ ಲಾಗ್‌ಬುಕ್ಕಿನಲ್ಲಿ ಬರೆದವಳು ನಾನೇ. ಈಗ ಕೊಳವೆ ಖಾಲಿ. ಟ್ಯಾಂಕಿನ ಬುಡದಲ್ಲಿ ರಬ್ಬರ್ ಪೈಪು ಜಾಯಿಂಟಿನಿಂದ ಕಳಚಿ ಜೋತು ಬಿದ್ದಿತ್ತು. ಪಕ್ಕದಲ್ಲೇ ಒಂದು ಸ್ಪ್ಯಾನರ್.

ನೆಲ ಬಿಟ್ಟು ಹದಿಮೂರು ದಿನವಾಗಿತ್ತು. ಮುಂದಿನ ಬಂದರಿಗೆ ಇನ್ನೂ ಹದಿನಾಲ್ಕು ದಿನ.

"ಎಲ್ಲರನ್ನೂ ಕರಿ," ಎಂದಳು ಅತ್ತೆ.

ಎಲ್ಲರೂ ಎಂದರೆ ಐದೇ ಜನ. ದೋಣಿ ಚಿಕ್ಕಪ್ಪನದು. ಮೂವತ್ತು ವರ್ಷ ಬಂದರಿನಲ್ಲಿ ಬೇರೆಯವರ ಹಡಗುಗಳಿಗೆ ದಾರಿ ತೋರಿಸಿ ನಿವೃತ್ತರಾದವರಿಗೆ ಒಂದೇ ಹಟ — ಸ್ವಂತ ಹಾಯಿದೋಣಿಯಲ್ಲಿ ಸಾಗರ ದಾಟಬೇಕು. ಅವರ ಅಕ್ಕ, ಅಂದರೆ ನನ್ನ ಅತ್ತೆ, ನಲವತ್ತು ವರ್ಷ ಲಾಂಡ್ರಿ ನಡೆಸಿದವಳು. ಇಲ್ಲಿ ಅಡುಗೆ ಅವಳ ಪಾಲಿಗೆ. ಎಂಜಿನ್ನು, ಪಂಪು, ಪೈಪು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್; ಮೂವತ್ತೈದರ ಆಸುಪಾಸು, ಕೇಳಿದ್ದಕ್ಕಷ್ಟೇ ಉತ್ತರ. ನಾಲ್ಕನೆಯವರು ಚಿಕ್ಕಪ್ಪನ ಬಾಲ್ಯದ ಗೆಳೆಯ, ಭೂಗೋಳ ಪಾಠ ಮಾಡಿ ನಿವೃತ್ತರಾದ ಗ್ಲೋಬ್ ಮೇಷ್ಟ್ರು. ಐದನೆಯವಳು ನಾನು. ಡಿಗ್ರಿ ಮುಗಿಸಿ ಮನೆಯ ಮೂಲೆ ಹಿಡಿದಿದ್ದವಳನ್ನು "ಅಕ್ಷರ ಚೆನ್ನಾಗಿದೆ" ಎಂಬ ಒಂದೇ ಕಾರಣಕ್ಕೆ ಲಾಗ್‌ಬುಕ್ ಬರೆಯಲು ಕರೆತಂದಿದ್ದರು.

ಚಿಕ್ಕಪ್ಪ ಬಂದು ಟ್ಯಾಂಕಿನ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಬೆಳಗ್ಗೆ ಈ ಹಲಗೆ ಎತ್ತಿದ್ದು ಯಾರು?"

"ನಾನು ಸರ್," ಎಂದ ಮೆಕ್ಯಾನಿಕ್. "ಹತ್ತೂವರೆಗೆ. ವಾಷರ್ ಸವೆದಿತ್ತು, ಬದಲಿಸಿದೆ."

"ಜಾಯಿಂಟ್ ಬಿಚ್ಚಿದ್ಯಾ?"

"ಟ್ಯಾಂಕಿನ ವಾಲ್ವ್ ಮುಚ್ಚಿ ಬಿಚ್ಚಿದೆ. ಮತ್ತೆ ಹಾಕಿ ಬಿಗಿ ಮಾಡಿದೆ. ಹನ್ನೊಂದಕ್ಕೆ ಹಲಗೆ ಮುಚ್ಚಿದೆ."

"ಸ್ಪ್ಯಾನರ್ ಯಾರದ್ದು?"

"ನನ್ನದೇ. ಆದ್ರೆ... ಪೆಟ್ಟಿಗೆಗೆ ಹಾಕಿದ್ದೆ ಅಂತ ನೆನಪು."

"ನೆನಪು," ಎಂದರು ಚಿಕ್ಕಪ್ಪ. ಆ ಒಂದು ಮಾತನ್ನು ಅವರು ನೆಲದ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದ ಹಾಗಿತ್ತು. "ಅರ್ಧ ಬಿಗಿ ಮಾಡಿ ಎದ್ದು ಹೋಗಿದ್ದೀಯ. ಹನ್ನೊಂದರಿಂದ ಸೋರಿದೆ. ಕೊನೆಗೆ ಪೈಪೇ ಕಳಚಿದೆ. ಸೋರಿದ್ದು ತಳಕ್ಕೆ ಹೋಗಿದೆ, ತಳದ ಪಂಪು ತಾನೇ ಶುರುವಾಗಿ ಹೊರಗೆ ಚೆಲ್ಲಿದೆ. ಇನ್ನೂರು ಲೀಟರ್ ಸಿಹಿನೀರು."

"ಸರ್, ನಾನು ಬಿಗಿ ಮಾಡಿದ್ದೆ."

"ಪಂಪು ಓಡಿದ ಸದ್ದು ಯಾರಿಗೂ ಕೇಳಲಿಲ್ವಾ?" ಎಂದಳು ಅತ್ತೆ.

ತಳದ ಪಂಪು ದಿನಕ್ಕೆ ಹತ್ತು ಸಲ ಗುಂಯ್‌ಗುಡುತ್ತದೆ. ಎಲ್ಲಿಂದಲೋ ಒಂದಿಷ್ಟು ಕಡಲ ನೀರು ಜಿನುಗಿ ಬರುವುದು ಎಲ್ಲ ದೋಣಿಗಳ ಹಣೆಬರಹ. ಪಕ್ಕದ ಮನೆಯ ಮಿಕ್ಸಿಯಂತೆ ಆ ಸದ್ದು ನಮ್ಮ ಕಿವಿಗೆ ಬೀಳುವುದೇ ನಿಂತಿತ್ತು.

ಚಿಕ್ಕಪ್ಪ ಎದ್ದು ನಿಂತರು. "ಮುಂದಿನ ಸಣ್ಣ ಟ್ಯಾಂಕಲ್ಲಿ ಎಂಬತ್ತು ಲೀಟರ್ ಇದೆ. ಐದು ಜನ, ದಿನಕ್ಕೆ ತಲಾ ಎರಡು ಲೀಟರ್. ಎಂಟು ದಿನ. ಉತ್ತರಕ್ಕೆ ಆರು ದಿನದ ದಾರೀಲಿ ಒಂದು ದ್ವೀಪ ಇದೆ, ಆಸ್ಪತ್ರೆ ಅಂಗಡಿ ಎಲ್ಲಾ ಇರೋ ಊರು. ಅಲ್ಲಿಗೆ ತಿರುಗಿಸ್ತೀನಿ. ಯಾತ್ರೆ ಮುಗೀತು." ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದರು. "ನೀನು ಅಲ್ಲೇ ಇಳಿದುಬಿಡು. ನಿನ್ನ ಪುಸ್ತಕಕ್ಕೆ ನನ್ನ ಸಹಿ ಇಲ್ಲ. ನಿರ್ಲಕ್ಷ್ಯ ಅಂತ ಒಂದು ಸಾಲು ಬರೆದು ಕೊಡ್ತೀನಿ."

ಅವನ ಪುಸ್ತಕ ಏನೆಂದು ನಮಗೆಲ್ಲ ಗೊತ್ತಿತ್ತು. ನೀಲಿ ರಟ್ಟಿನ, ಅಂಗೈಯಗಲದ ನಾವಿಕ ಪುಸ್ತಕ. ಮೂರು ದೀರ್ಘ ಪ್ರಯಾಣಕ್ಕೆ ಮೂವರು ಕ್ಯಾಪ್ಟನ್‌ಗಳ ಸಹಿ ಬಿದ್ದರೆ ದೊಡ್ಡ ಹಡಗಿನ ಅಧಿಕಾರಿ ಪರೀಕ್ಷೆಗೆ ಕೂರಬಹುದು. ಎರಡು ಸಹಿ ಗಿಟ್ಟಿಸಲು ಅವನಿಗೆ ಏಳು ವರ್ಷ ಹಿಡಿದಿತ್ತು. ಇದು ಮೂರನೆಯದು. ನಿರ್ಲಕ್ಷ್ಯ ಎಂಬ ಒಂದು ಸಾಲು ಬಿದ್ದರೆ ಮೊದಲಿನ ಎರಡನ್ನೂ ಹೊಳೆಯಲ್ಲಿ ಬಿಟ್ಟ ಹಾಗೆ.

"ನಾನು ಬಿಗಿ ಮಾಡಿದ್ದೆ ಸರ್," ಎಂದ, ಮೂರನೇ ಸಲ. ದನಿ ಇನ್ನೂ ತಗ್ಗಿತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. "ತಮ್ಮಾ, ದೋಣಿ ತಿರುಗಿಸು. ಬೇಡ ಅನ್ನಲ್ಲ. ಆದ್ರೆ ಆ ಪುಸ್ತಕದಲ್ಲಿ ಏನೂ ಬರೀಬೇಡ. ನಾಳೆ ಮಧ್ಯಾಹ್ನದವರೆಗೆ ನಂಗೆ ಬಿಡು."

"ನೀನೇನು ಪೊಲೀಸಾ ಅಕ್ಕ?"

"ಲಾಂಡ್ರಿಯವಳು. ಕಲೆ ಯಾವುದು, ಯಾವ ಹೊತ್ತಲ್ಲಿ ಬಿತ್ತು, ಯಾರ ಕೈಯಿಂದ ಬಿತ್ತು ಅಂತ ಹೇಳೋದೇ ನನ್ನ ಕೆಲಸ ಆಗಿತ್ತು."

ಚಿಕ್ಕಪ್ಪ ಮೇಲೆ ಹೋದರು. ಹೋಗುವಾಗ ಮೆಟ್ಟಿಲ ಬಲಗಂಬಕ್ಕೆ ಭುಜ ತಗುಲಿಸಿಕೊಂಡರು. ಸಿಟ್ಟಿನಲ್ಲಿದ್ದಾರೆ ಎಂದುಕೊಂಡೆ.

ಅತ್ತೆ ಮೊದಲು ಮಾಡಿದ ಕೆಲಸ ನನಗೆ ವಿಚಿತ್ರವೆನಿಸಿತು. ಅಡುಗೆ ಒಲೆ ದೋಣಿಯ ಎಡಮಗ್ಗುಲಿಗಿದೆ. ಕೈಗೆಟುಕಲಿ ಎಂದು ಅಕ್ಕಿ, ಹಿಟ್ಟು, ಬೇಳೆ, ಈರುಳ್ಳಿ, ಬೆಂಕಿಪೆಟ್ಟಿಗೆ ಎಲ್ಲವನ್ನೂ ಎಡಗಡೆ ಬೆಂಚುಗಳ ಕೆಳಗಿನ ಗೂಡುಗಳಲ್ಲೇ ತುಂಬಿಸಿದ್ದಳು. ಈಗ ಮಂಡಿಯೂರಿ ಆ ಗೂಡುಗಳಿಗೆ ಕೈ ಹಾಕಿದಳು. ತಳದಲ್ಲಿದ್ದ ಈರುಳ್ಳಿ ಚೀಲ ಎಳೆದು, ಒಂದನ್ನು ತೆಗೆದು ಕಿವಿಯ ಹತ್ತಿರ ಉಜ್ಜಿದಳು. ಸಿಪ್ಪೆ ಗರಿಗರಿ ಎಂದಿತು. ಬೆಂಕಿಕಡ್ಡಿ ಗೀರಿದಳು. ಒಂದೇ ಸಲಕ್ಕೆ ಹತ್ತಿತು.

"ಏನು ಹುಡುಕ್ತಿದ್ದೀಯ ಅತ್ತೆ?"

"ಈರುಳ್ಳಿ."

"ಅದು ಇಲ್ಲೇ ಇದೆಯಲ್ಲ."

"ಇದೆ. ಗರಿಗರಿಯಾಗಿದೆ. ಅದೇ ತಲೆನೋವು."

ಆ ಸಂಜೆ ಯಾರೂ ಒಂದು ಕಡೆ ಕೂರಲಿಲ್ಲ. ನಲವತ್ತು ಅಡಿ ಉದ್ದದ ದೋಣಿಯಲ್ಲಿ ಕೂರದೆ ಎಲ್ಲಿಗೆ ಹೋಗಬೇಕು? ಮುಂದಿನ ತುದಿಗೆ ಹೋಗುವುದು, ಹಗ್ಗ ಹಿಡಿದು ನಿಲ್ಲುವುದು, ತಿರುಗಿ ಬರುವುದು. ಎಂಟು ದಿನದಿಂದ ಗಾಳಿ ಬಲಗಡೆಯಿಂದಲೇ ಬೀಸುತ್ತಿತ್ತು. ದೋಣಿ ಎಡಕ್ಕೆ ವಾಲಿಕೊಂಡೇ ಓಡುತ್ತಿತ್ತು. ವಾಲಿಕೊಂಡೇ ಉಣ್ಣುವುದು, ವಾಲಿಕೊಂಡೇ ಹಲ್ಲುಜ್ಜುವುದು. ಹಾಸಿಗೆಯಲ್ಲಿ ಮಲಗಿದರೆ ಅರ್ಧ ಮೈ ಗೋಡೆಯ ಮೇಲೆ. ಬಾಯಿ ಬೇರೆ ಒಣಗುತ್ತಿತ್ತು. ನೀರು ಕಡಿಮೆ ಎಂದು ಗೊತ್ತಾದ ಗಳಿಗೆಯಿಂದ ಬಾಯಾರಿಕೆ ದುಪ್ಪಟ್ಟು.

ಅತ್ತೆ ಗ್ಲೋಬ್ ಮೇಷ್ಟ್ರನ್ನು ಹಿಡಿದಳು. ಅವರು ಚುಕ್ಕಾಣಿ ಪಾಳಿಯಲ್ಲಿದ್ದರು. ನಾಲ್ಕನೇ ದಿನ ಸಿಹಿನೀರಲ್ಲಿ ತಲೆ ತೊಳೆದು ಅವಳ ಕೈಗೆ ಸಿಕ್ಕಿಬಿದ್ದವರು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡರು.

"ನೋಡಿ ಅಕ್ಕಾ, ಅವತ್ತು ಬಿಟ್ರೆ ನಾನು ಒಂದು ಚಮಚಾನೂ ಮುಟ್ಟಿಲ್ಲ. ಇನ್ನೂರು ಲೀಟರಲ್ಲಿ ತೊಳೆಯೋಕೆ ನನ್ನ ತಲೇಲಿ ಕೂದಲಾದ್ರೂ ಎಲ್ಲಿದೆ?"

"ಮಧ್ಯಾಹ್ನ ಊಟ ಆದ ಮೇಲೆ ಎಲ್ಲಿದ್ರಿ?"

"ಮಲಗಿದ್ದೆ. ಮಲಗೋಕೆ ಬಿಟ್ರೆ ತಾನೇ? ಹನ್ನೆರಡೂವರೆಗೆ ನಿಮ್ಮ ತಮ್ಮ ಗಾಳಿ ಎಡಗಡೆಯಿಂದ ಹೊಡೆಯೋ ಹಾಗೆ ತಿರುಗಿಸಿ ದೋಣಿ ಮಗ್ಗುಲು ಬದಲಿಸಿದ. ಗೋಡೆಗೆ ಅಂಟಿಕೊಂಡಿದ್ದವನು ಆಲೂಗಡ್ಡೆ ಹಾಗೆ ಉರುಳಿ ನೆಲಕ್ಕೆ ಬಿದ್ದೆ. ಎಡಗಾಲಿನ ಚಪ್ಪಲಿ ಇನ್ನೂ ಸಿಕ್ಕಿಲ್ಲ."

"ಯಾಕೆ ಬದಲಿಸಿದ?"

"ಕರಿಮೋಡ ಬರ್ತಿತ್ತಂತೆ, ತಪ್ಪಿಸ್ಕೊಂಡೆ ಅಂದ."

"ಮಳೆ ಬಂತಾ?"

"ಒಂದು ಹನಿ ಇಲ್ಲ. ಎರಡು ಗಂಟೆಗೆ ಮತ್ತೆ ಮೊದಲಿನ ಹಾಗೇ ತಿರುಗಿಸಿದ. ನಾನು ಮತ್ತೆ ಗೋಡೆಗೆ." ಮೇಷ್ಟ್ರು ದನಿ ತಗ್ಗಿಸಿದರು. "ಈಚೆಗೆ ಅವನಿಗೆ ನನ್ನ ಮೇಲೆ ಏನೋ ಮುನಿಸು ಅಕ್ಕಾ. ಊಟಕ್ಕೆ ಅವನ ಬಲಗಡೆ ಕೂರ್ತೀನಲ್ಲ, ತಿರುಗಿಯೂ ನೋಡಲ್ಲ. ಎದುರಿಗೆ ಬಂದ್ರೆ ಮಾತ್ರ ಮಾತು."

ನನಗೆ ನಗು ಬಂತು. ಮೂರು ದಿನದ ಹಿಂದೆ ನಾನೂ ಅವರ ಬಲಗಡೆ ಟೀ ಲೋಟ ಹಿಡಿದು ಎರಡು ನಿಮಿಷ ನಿಂತಿದ್ದೆ. ನೋಡಲಿಲ್ಲ. ನನಗೆ ಅದೇನೂ ಹೊಸದಲ್ಲ. ನಾನಿರುವುದು ಯಾರಿಗೂ ಕಾಣುವುದಿಲ್ಲ. ಲೋಟ ಅಲ್ಲೇ ಇಟ್ಟು ಬಂದಿದ್ದೆ.

"ನೀನು?" ಅತ್ತೆ ನನ್ನ ಕಡೆ ತಿರುಗಿದಳು. "ಆಗ ಎಲ್ಲಿದ್ದೆ?"

"ಮಲಗಿದ್ದೆ. ದೋಣಿ ಬಲಕ್ಕೆ ವಾಲಿದಾಗ ಎಚ್ಚರ ಆಯ್ತು. ಮತ್ತೆ ನಿದ್ದೆ."

"ಲಾಗ್‌ಬುಕ್ಕಲ್ಲಿ ಬರೆದೆಯಾ?"

"ಇಲ್ಲ. ಮೂರು ಗಂಟೆಗೆ ಚಿಕ್ಕಪ್ಪನ ಪಾಳಿ ಮುಗಿದಾಗ ಕೇಳಿದೆ. 'ಒಂದೂವರೆ ಗಂಟೆ ವಿಷಯ, ಬರೀಬೇಡ ಬಿಡು' ಅಂದ್ರು. ಈಗೀಗ ಅವರು ಹೇಳಿದ್ದನ್ನೇ ಬರೀತೀನಿ. ದಿಕ್ಸೂಚಿ ಅಂಕೆಯೂ ನಾನೇ ಓದಿ ಹೇಳಬೇಕು. ನಿನ್ನ ಕಣ್ಣು ಚುರುಕು ಅಂತಾರೆ."



ಆರು ಗಂಟೆಗೆ ನಾನು ದಿನದ ರೂಢಿಯಂತೆ ಬಲಮಗ್ಗುಲಿನ ಬೆಂಚಿನ ಕೆಳಗಿನ ಗೂಡು ತೆರೆದೆ. ಅದರಲ್ಲಿ ಜೀವರಕ್ಷಕ ಜಾಕೆಟ್ಟುಗಳು, ಹಳೆ ಹಗ್ಗ. ಯಾರೂ ತೆರೆಯದ ಜಾಗ. ದೋಣಿ ಸದಾ ಎಡಕ್ಕೆ ವಾಲಿರುವುದರಿಂದ ಬಲಗಡೆ ಎತ್ತರದಲ್ಲಿದ್ದು ಒಣಗಿರುತ್ತದೆ. ಹಗ್ಗದ ಸುರುಳಿಯ ಕೆಳಗೆ ನನ್ನ ಎರಡು ಡೈರಿಗಳಿದ್ದವು, ಬರೆದು ಮುಗಿಸಿದವು. ಯಾರ ಕೈಗೂ ಸಿಗದೆ ಅಲ್ಲೇ ಇವೆಯೇ ಎಂದು ದಿನಾ ನೋಡಿಕೊಳ್ಳುತ್ತಿದ್ದೆ.

ಕೈಗೆ ತಣ್ಣಗೆ ಹತ್ತಿತು. ಕೆಳಗಿನ ಡೈರಿ ಅರ್ಧಕ್ಕೆ ತೊಯ್ದು ಉಬ್ಬಿತ್ತು. ಕಿಟಕಿಯಿಂದ ಕಡಲ ನೀರು ಜಿನುಗಿರಬೇಕು ಎಂದುಕೊಂಡು, ಯಾರೂ ನೋಡುವ ಮೊದಲು ಎರಡನ್ನೂ ಟವೆಲಿನಲ್ಲಿ ಸುತ್ತಿ ನನ್ನ ಹಾಸಿಗೆಗೆ ಸಾಗಿಸಿದೆ.

ಊಟದ ಹೊತ್ತಿಗೆ ಅತ್ತೆ ಎಲ್ಲರ ತಟ್ಟೆಗೂ ಅನ್ನ ಬಡಿಸುತ್ತಾ, ಹವಾಮಾನ ವಿಚಾರಿಸುವಂತೆ ಕೇಳಿದಳು. "ಇವತ್ತು ಯಾರದ್ದಾದ್ರೂ ಏನಾದ್ರೂ ಒದ್ದೆ ಆಗಿದೆಯಾ? ಬಟ್ಟೆ, ಹಾಸಿಗೆ, ಪೇಪರ್ರು?"

"ನನ್ನ ಕಣ್ಣು," ಎಂದರು ಮೇಷ್ಟ್ರು, "ಈ ಅನ್ನದ ಅಳತೆ ನೋಡಿ."

ಮೆಕ್ಯಾನಿಕ್ ತಲೆಯಾಡಿಸಿದ. ಚಿಕ್ಕಪ್ಪ "ಏನೂ ಇಲ್ಲ" ಎಂದರು. ಅತ್ತೆಯ ಕಣ್ಣು ನನ್ನ ಮೇಲೆ ನಿಂತಿತು.

"ಇಲ್ಲ," ಎಂದೆ.

ಒಂದು ಅಕ್ಷರ ಹೆಚ್ಚಿಲ್ಲದ ಸುಳ್ಳು. ಡೈರಿ ಇದೆ ಎಂದರೆ ತೋರಿಸು ಎನ್ನುತ್ತಾರೆ. ತೋರಿಸಿದರೆ ತೆರೆಯುತ್ತಾರೆ. ತೆರೆದರೆ ನಾನು ಕಡಲಿಗೆ ಹಾರಬೇಕು. ಹೀಗೆ ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ.

ಮರುದಿನ ಬೆಳಗ್ಗೆ ನನ್ನ ಪಾಳಿ ಮುಗಿಸಿ ಕೆಳಗೆ ಬಂದಾಗ ಮೆಕ್ಯಾನಿಕ್ ತನ್ನ ಚೀಲ ತುಂಬುತ್ತಿದ್ದ. ದ್ವೀಪಕ್ಕೆ ಇನ್ನೂ ಐದು ದಿನವಿತ್ತು. ಎರಡು ಅಂಗಿ, ಸ್ಪ್ಯಾನರುಗಳ ಪೆಟ್ಟಿಗೆ. ಕೊನೆಗೆ ನೀಲಿ ಪುಸ್ತಕ. ಅದನ್ನು ಒಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಒದ್ದೆಯಾಗಬಾರದು ಎಂದು.

"ಸಹಿ ಹಾಕದಿದ್ರೂ..." ಎಂದೆ. ಅವನೊಡನೆ ನಾನಾಗಿಯೇ ಆಡಿದ ಮೊದಲ ಮಾತು ಅದು.

"ಅಭ್ಯಾಸ," ಎಂದ. "ಬಿಗಿ ಮಾಡೋದು ನಂಗೆ ಅಭ್ಯಾಸ ಕಣಮ್ಮ. ಅದಕ್ಕೇ ಮರೆಯಲ್ಲ."

ನಾನು ನೇರ ನನ್ನ ಹಾಸಿಗೆಗೆ ಹೋದೆ. ಟವೆಲ್ ಬಿಚ್ಚಿ, ಉಬ್ಬಿದ ಡೈರಿ ಎತ್ತಿಕೊಂಡು ಅಡುಗೆ ಒಲೆಯ ಹತ್ತಿರ ಬಂದೆ.

"ನಿನ್ನೆ ಸುಳ್ಳು ಹೇಳಿದೆ ಅತ್ತೆ. ಇದು ಒದ್ದೆಯಾಗಿತ್ತು. ಕಡಲ ನೀರು ಅಂದ್ಕೊಂಡೆ."

ಅತ್ತೆ ಅದನ್ನು ತೆಗೆದುಕೊಂಡಳು. ನಾನು ಕಣ್ಣು ಮುಚ್ಚಿದೆ.

"ಕಣ್ಣು ಬಿಡೇ. ನಾನು ಓದಲ್ಲ. ನಲವತ್ತು ವರ್ಷ ಊರ ಜನರ ಜೇಬಲ್ಲಿದ್ದ ಚೀಟಿ ಓದದೇ ಬಟ್ಟೆ ಒಗೆದವಳು ನಾನು."

ಅವಳು ಡೈರಿ ತೆರೆಯಲೇ ಇಲ್ಲ. ಹಾಳೆಗಳ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಮೂಸಿದಳು. ಆಮೇಲೆ ತುದಿ ನಾಲಿಗೆಗೆ ತಾಗಿಸಿದಳು.

"ಎಲ್ಲಿಟ್ಟಿದ್ದೆ?"

"ಬಲಗಡೆ ಗೂಡಲ್ಲಿ. ಹಗ್ಗದ ಕೆಳಗೆ."

"ಮೊನ್ನೆ ಸಂಜೆ?"

"ಒಣಗಿತ್ತು."

ಅತ್ತೆ ಡೈರಿಯನ್ನು ಎದೆಗೊತ್ತಿಕೊಂಡು ಒಲೆಯ ಮುಂದೆ ಕೂತುಬಿಟ್ಟಳು. ಗೆದ್ದವಳ ಮುಖವಲ್ಲ ಅದು. "ಮಧ್ಯಾಹ್ನ ಎಲ್ಲರೂ ಮೇಲೆ ಸೇರಲಿ," ಎಂದಳಷ್ಟೆ.

ಮಧ್ಯಾಹ್ನ ಹನ್ನೆರಡಕ್ಕೆ ಐವರೂ ಚುಕ್ಕಾಣಿಯ ಸುತ್ತ ಕೂತೆವು. ಗಾಳಿಯ ದಿಕ್ಕು ನೋಡಿ ತಾನೇ ತಿರುಗುವ ಯಂತ್ರಕ್ಕೆ ಚುಕ್ಕಾಣಿ ಕಟ್ಟಿತ್ತು, ಹಿಡಿಯುವವರು ಬೇಕಿರಲಿಲ್ಲ. ಅತ್ತೆ ಬೆಂಚಿನ ಮೇಲೆ ಮೂರು ವಸ್ತು ಇಟ್ಟಳು. ಒಂದು ಈರುಳ್ಳಿ. ಒಂದು ಬೆಂಕಿಪೆಟ್ಟಿಗೆ. ನನ್ನ ಡೈರಿ. ನಾನು ನನ್ನ ಕಾಲ್ಬೆರಳು ನೋಡುತ್ತಾ ಕೂತೆ.

"ತರಕಾರಿ ಅಂಗಡಿ ತೆರೆದೆಯಾ ಅಕ್ಕ?" ಎಂದರು ಚಿಕ್ಕಪ್ಪ.

"ಒಂದು ಪ್ರಶ್ನೆ ತಮ್ಮಾ. ದೋಣಿ ಎಡಕ್ಕೆ ವಾಲಿದ್ದಾಗ ತಳಕ್ಕೆ ಬಿದ್ದ ನೀರು ಎಲ್ಲಿಗೆ ಹರಿಯುತ್ತೆ?"

"ಎಡಕ್ಕೆ. ಇದೇನು ಕೇಳೋ ಪ್ರಶ್ನೆಯಾ?"

"ಪಂಪು ಎಳೆದು ಮುಗಿಸೋ ಮೊದಲು ಎಡಗಡೆ ಗೂಡುಗಳ ತಳ ನೆನೆಯುತ್ತೆ ತಾನೇ?"

"ನೆನೆಯುತ್ತೆ."

"ಹನ್ನೊಂದಕ್ಕೆ ಸೋರೋಕೆ ಶುರು ಆಯ್ತು ಅಂದೆ. ಹನ್ನೊಂದರಿಂದ ಹನ್ನೆರಡೂವರೆ ತನಕ ದೋಣಿ ಎಡಕ್ಕೆ ವಾಲಿತ್ತು. ಎರಡರಿಂದ ನಾಲ್ಕರ ತನಕವೂ ಎಡಕ್ಕೇ. ಎಡಗಡೆ ತಳದಲ್ಲಿರೋದು ನನ್ನ ಈರುಳ್ಳಿ ಚೀಲ." ಅತ್ತೆ ಈರುಳ್ಳಿಯನ್ನು ಬೆರಳಲ್ಲಿ ತಿರುಗಿಸಿದಳು. ಸಿಪ್ಪೆ ಗರಗರ ಎಂದಿತು. "ಇದು ಒದ್ದೆಯಾಗಿಲ್ಲ. ಬೆಂಕಿಪೆಟ್ಟಿಗೆ ಒದ್ದೆಯಾಗಿಲ್ಲ. ಒಂದು ತೊಟ್ಟು ನೀರೂ ಎಡಕ್ಕೆ ಹೋಗಿಲ್ಲ."

ಮೆಕ್ಯಾನಿಕ್ ತಲೆ ಎತ್ತಿದ.

"ಒದ್ದೆಯಾಗಿದ್ದು ಇದೊಂದೇ. ಬಲಗಡೆ ಗೂಡಲ್ಲಿತ್ತು."

"ಕಡಲ ನೀರಿರಬೇಕು," ಎಂದರು ಚಿಕ್ಕಪ್ಪ ತಟ್ಟನೆ. "ಕಿಟಕಿ ಜಿನುಗುತ್ತೆ."

"ಉಪ್ಪು ನೀರಲ್ಲಿ ನೆಂದಿದ್ದು ಒಂದು ರಾತ್ರಿಗೆ ಒಣಗಲ್ಲ ಕಣೋ. ಒಣಗಿದ ಹಾಗೆ ಆಟ ಕಟ್ಟಿ ಮತ್ತೆ ಜಿಗುಟಾಗುತ್ತೆ. ಇದರ ಅಂಚು ಹಪ್ಪಳದ ಹಾಗೆ ಒಣಗಿದೆ. ನಾಲಿಗೆಗೆ ಉಪ್ಪಿಲ್ಲ. ಇದು ನಾವು ಕುಡಿಯೋ ನೀರು." ಅತ್ತೆ ಒಬ್ಬೊಬ್ಬರನ್ನೇ ನೋಡಿದಳು. "ನಿನ್ನೆ ದೋಣಿ ಬಲಕ್ಕೆ ವಾಲಿದ್ದು ಯಾವಾಗ?"

"ಹನ್ನೆರಡೂವರೆಯಿಂದ ಎರಡು," ಎಂದರು ಮೇಷ್ಟ್ರು. ಮಾತು ಹೊರಬಿದ್ದ ಮೇಲೆ ಅದರ ಅರ್ಥ ಅವರಿಗೇ ಹೊಳೆದಿರಬೇಕು. ಗೆಳೆಯನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

"ಆ ಒಂದೂವರೆ ಗಂಟೇಲಿ ಇನ್ನೂರು ಲೀಟರ್ ಪೂರ್ತಿ ಹೋಗಿದೆ. ಅದಕ್ಕೆ ಮುಂಚೆ ಒಂದು ಹನಿ ಸೋರಿಲ್ಲ, ಆಮೇಲೂ ಸೋರಿಲ್ಲ. ಸಡಿಲ ಆದ ಜಾಯಿಂಟು ಗಂಟೆ ನೋಡ್ಕೊಂಡು ಬಿಚ್ಕೊಳ್ಳಲ್ಲ. ಯಾರೋ ಬಿಚ್ಚಿದ್ದಾರೆ. ಆಗ ನಾವು ನಾಲ್ಕು ಜನ ಮಲಗಿದ್ವಿ. ಎದ್ದಿದ್ದವನು ಒಬ್ಬನೇ."

ಹಾಯಿ ಒಮ್ಮೆ ಫಟ್ಟೆಂದು ಬಡಿಯಿತು. ಯಾರೂ ತಿರುಗಿ ನೋಡಲಿಲ್ಲ.

"ಮೋಡ ಬಂದಿತ್ತು ಅಕ್ಕ. ಅದಕ್ಕೆ ತಿರುಗಿಸಿದ್ದು."

"ಅಲ್ಲೇ ನೀನು ಸಿಕ್ಕಿಬಿದ್ದಿದ್ದು. ಮೂರನೇ ದಿನ ಮೋಡ ಕಂಡಾಗ ಏನು ಮಾಡಿದೆ? ಏಳನೇ ದಿನ? ಮದುವೆ ಮನೆಗೆ ಓಡೋ ಹಾಗೆ ಮೋಡದ ಕೆಳಗೇ ದೋಣಿ ನುಗ್ಗಿಸಿದೆ. ನಾನೂ ಈ ಮೆಕ್ಯಾನಿಕ್ಕೂ ತಾಡಪಾಲು ಕಟ್ಟಿ ಬಕೆಟ್ ಬಕೆಟ್ ನೀರು ಹಿಡಿದ್ವಿ. ಕಡಲಲ್ಲಿ ಮಳೆ ಬಿಟ್ಟು ಓಡಿದ ನಾವಿಕನ್ನ ನೀನು ನೋಡಿದ್ದೀಯಾ? ನಿನ್ನೆ ಓಡಿದೆ. ಯಾಕೆ?"

ಚಿಕ್ಕಪ್ಪ ಚುಕ್ಕಾಣಿಯ ಕಟ್ಟು ಬಿಗಿಮಾಡತೊಡಗಿದರು.

"ನಾನೇ ಹೇಳ್ತೀನಿ. ಎಡಕ್ಕೆ ವಾಲಿದ್ದಾಗ ಬಿಚ್ಚಿದ್ರೆ ಅಕ್ಕಿ, ಹಿಟ್ಟು ಎಲ್ಲಾ ನೆನೆದು ಹೋಗ್ತಿತ್ತು. ನಾವು ಉಪವಾಸ ಬೀಳ್ತೀವಿ ಅಂತ ನಿನ್ನ ಮನಸ್ಸು ಒಪ್ಪಲಿಲ್ಲ. ಬಲಗಡೆ ಬರೀ ಹಗ್ಗ, ಜಾಕೆಟ್ಟು. ಈ ಹುಡುಗಿ ಅಲ್ಲಿ ಏನೋ ಬಚ್ಚಿಟ್ಟಿದ್ದಾಳೆ ಅಂತ ನಿಂಗೆ ಹೇಗೆ ಗೊತ್ತಾಗಬೇಕು? ಆಮೇಲೆ ಎಂಬತ್ತು ಲೀಟರು, ಎಂಟು ದಿನ, ಆರು ದಿನದ ದ್ವೀಪ. ಟ್ಯಾಂಕ್ ಖಾಲಿ ಅಂತ ಗೊತ್ತಾದ ಎರಡು ನಿಮಿಷಕ್ಕೆ ಲೆಕ್ಕ ನಿನ್ನ ಬಾಯಲ್ಲಿ ಸಿದ್ಧವಾಗಿತ್ತು. ನಮ್ಮನ್ನ ಸಾಯಿಸೋ ಯೋಚನೆ ನಿಂಗಿರಲಿಲ್ಲ. ದ್ವೀಪಕ್ಕೆ ಹೋಗಬೇಕಿತ್ತು. ಆಸ್ಪತ್ರೆ ಇರೋ ಊರಿಗೆ."

"ಆಸ್ಪತ್ರೆಗೆ ಯಾಕೆ?" ಎಂದರು ಮೇಷ್ಟ್ರು ಗೊಂದಲದಿಂದ.

ಅತ್ತೆ ತಮ್ಮನ ಎದುರಿಗೆ ಬಂದು ನಿಂತಳು. ಕೈ ಎತ್ತಿ, ಅವರ ಬಲಗೆನ್ನೆಯ ಪಕ್ಕದಲ್ಲಿ ಬೆರಳು ಅಲ್ಲಾಡಿಸಿದಳು. ಚಿಕ್ಕಪ್ಪನ ರೆಪ್ಪೆ ಅಲುಗಲಿಲ್ಲ.

ಟೀ ಲೋಟ ಹಿಡಿದು ನಿಂತ ಆ ಎರಡು ನಿಮಿಷ ನನ್ನ ಕಣ್ಣಮುಂದೆ ಬಂತು. ಮೆಟ್ಟಿಲ ಬಲಗಂಬ. ದಿಕ್ಸೂಚಿಯ ಅಂಕೆ. ಎಲ್ಲವನ್ನೂ ಹತ್ತಿರದಿಂದ ನೋಡಿದವಳು ನಾನು. ನನ್ನ ಬಗ್ಗೆಯೇ ಯೋಚಿಸುತ್ತಿದ್ದೆ, ಅದಕ್ಕೇ ಕಾಣಲಿಲ್ಲ.

"ಎಷ್ಟು ದಿನ ಆಯ್ತೋ?"

"ಹತ್ತು," ಎಂದರು ಚಿಕ್ಕಪ್ಪ. ದನಿ ಅವರದಲ್ಲದ ಹಾಗಿತ್ತು. "ಮೊದಲು ಬಲಗಣ್ಣಲ್ಲಿ ಮಿಂಚು ಬಂದ ಹಾಗೆ. ಆಮೇಲೆ ಒಂದು ಪರದೆ. ದಿನಾ ಒಂದಿಷ್ಟು ಇಳೀತಿದೆ. ಹೇಳಿದ್ರೆ... ಇನ್ಮೇಲೆ ನನ್ನ ಕೈಗೆ ಯಾರು ಚುಕ್ಕಾಣಿ ಕೊಡ್ತಾರೆ ಅಕ್ಕ? ನೀರಿಲ್ದೆ ವಾಪಸ್ ಬಂದ ಅಂದ್ರೆ ಅವಮಾನ ಇಲ್ಲ. ಕುರುಡಾಗಿ ಬಂದ ಅಂದ್ರೆ..."

"ಕಣ್ಣು ನಿಂದು, ಹೇಳೋದು ಬಿಡೋದು ನಿಂಗೆ ಸೇರಿದ್ದು. ಆದ್ರೆ ಇವನ ಅನ್ನಕ್ಕೆ ಯಾಕೆ ಕೈ ಹಾಕಿದೆ?"

"ಪೈಪು ತಾನೇ ಕಳಚಿತು ಅಂದ್ಕೊಳ್ತೀರಿ ಅಂತ..."

"ಬೆಳಗ್ಗೆ ಇವನು ಅಲ್ಲೇ ಕೆಲಸ ಮಾಡಿದ್ದ ಅಂತ ನಿಂಗೆ ಗೊತ್ತಿರಲಿಲ್ವಾ?"

ಚಿಕ್ಕಪ್ಪ ಕಡಲಿನ ಕಡೆ ನೋಡಿದರು.

"ಗೊತ್ತಿತ್ತು."

"ಸ್ಪ್ಯಾನರ್?"

"ಇವನ ಪೆಟ್ಟಿಗೆಯಿಂದಲೇ ತಗೊಂಡೆ. ಬಿಚ್ಚಿ ಅಲ್ಲೇ ಬಿಟ್ಟೆ."

ಮೆಕ್ಯಾನಿಕ್ ಎದ್ದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಕೆಳಗೆ ಹೋದ. ಚೀಲದ ಸದ್ದು ಕೇಳಿತು. ಮೇಲೆ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ಕಿನ ಗಂಟು. ಒಂದು ಸುತ್ತು ಬಿಚ್ಚಿದ, ಎರಡನೆಯದು, ಮೂರನೆಯದು. ನೀಲಿ ಪುಸ್ತಕ ತೆರೆದು ಚಿಕ್ಕಪ್ಪನ ತೊಡೆಯ ಮೇಲಿಟ್ಟ.

"ಸಹಿ ಹಾಕಿ ಸರ್. ಮಿಕ್ಕಿದ್ದು ದ್ವೀಪ ಮುಟ್ಟಿದ ಮೇಲೆ ಮಾತಾಡೋಣ."

ನಾನು ಪೆನ್ನು ಕೊಟ್ಟೆ. ಚಿಕ್ಕಪ್ಪನ ಕೈ ಹಾಳೆಯ ಅಂಚು ದಾಟಿ ಹೋಗಿ, ಪೆನ್ನಿನ ತುದಿ ಅವರ ಪ್ಯಾಂಟಿನ ಮೇಲೆ ಒಂದು ಗೆರೆ ಎಳೆಯಿತು. ಮೇಷ್ಟ್ರು ಮುಖ ತಿರುಗಿಸಿಕೊಂಡರು. ನಾನು ಚಿಕ್ಕಪ್ಪನ ಮಣಿಕಟ್ಟು ಹಿಡಿದು ಸಾಲಿನ ಮೇಲೆ ತಂದಿಟ್ಟೆ.

"ಇಲ್ಲಿ ಚಿಕ್ಕಪ್ಪ."

ಸಹಿ ಬಿತ್ತು. ಮೆಕ್ಯಾನಿಕ್ ಶಾಯಿ ಒಣಗುವ ತನಕ ಊದಿ, ಪುಸ್ತಕ ಅಂಗಿಯ ಒಳಗೆ ಹಾಕಿಕೊಂಡು, ಚುಕ್ಕಾಣಿಯ ಕಟ್ಟು ಬಿಚ್ಚಿದ.

"ದಿಕ್ಕು ಎಷ್ಟು?" ಎಂದು ನನ್ನನ್ನು ಕೇಳಿದ.

ದಿಕ್ಸೂಚಿ ನೋಡಿ ಅಂಕೆ ಹೇಳಿದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

"ಹುಡುಗಿ," ಎಂದರು ಚಿಕ್ಕಪ್ಪ. ನನ್ನನ್ನು ನೋಡಲು ಕತ್ತನ್ನು ಪೂರ್ತಿ ತಿರುಗಿಸಿದ್ದರು. "ಲಾಗ್‌ಬುಕ್ ತಗೋ. ನಿನ್ನೆಯ ಪುಟ. ನಾನು ಬೇಡ ಅಂದಿದ್ನಲ್ಲ, ಅದನ್ನ ಬರಿ."

ಬರೆದೆ: ಮಧ್ಯಾಹ್ನ ಹನ್ನೆರಡೂವರೆ. ದೋಣಿಯ ಮಗ್ಗುಲು ಬದಲಿಸಲಾಯಿತು. ಒಂದೂವರೆ ಗಂಟೆ ಬಲಕ್ಕೆ ವಾಲಿತ್ತು. ಆಮೇಲೆ ಕಾರಣ ಬರೆಯುವ ಅಂಕಣಕ್ಕೆ ಬಂದು ಪೆನ್ನು ನಿಲ್ಲಿಸಿದೆ. ಅತ್ತೆ ಈರುಳ್ಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಲೆಯ ಕಡೆ ಇಳಿಯುತ್ತಿದ್ದವಳು ಮೆಟ್ಟಿಲ ಮೇಲೆಯೇ ನಿಂತಳು.

"ಕಾರಣ ಏನಂತ ಬರೀಲಿ ಚಿಕ್ಕಪ್ಪ? ಮೋಡ ಅಂತಲಾ?"

"ಕಣ್ಣು ಅಂತ ಬರಿ," ಎಂದರು.